ದೌಲತ್ ಬಾಗಿನಲ್ಲಿ ಬಾಗ್ ಎಲ್ಲಿದೆ?

ಶ್ರೀರಂಗಪಟ್ಟಣದ ಆ ಮನೆಗೆ ಮೂರು ಪದಗಳ ಹೆಸರು: ದರಿಯಾ, ದೌಲತ್, ಬಾಗ್. ಮೊದಲ ಎರಡನ್ನು ಮಾರ್ಗದರ್ಶಿಗಳು ಪ್ರವಾಸಿಗಳಿಗೆ ಬಿಡಿಸಿ ಹೇಳುತ್ತಾರೆ. ಮೂರನೆಯದನ್ನು ಯಾರೂ ಹೇಳುವುದಿಲ್ಲ. ಕಣ್ಣೆದುರಿಗೇ ಇರುವಾಗ ಹೇಳುವುದೇನು ಎಂದು ಎಲ್ಲರೂ ತಿಳಿದಿದ್ದಾರೆ. ಗೇಟಿನಿಂದ ಮನೆಯವರೆಗೆ ನೇರ ದಾರಿ, ಇಕ್ಕೆಲಗಳಲ್ಲಿ ಹುಲ್ಲುಹಾಸು, ಕತ್ತರಿ ಆಡಿಸಿದ ಬೇಲಿಗಿಡ, ಅಲ್ಲಲ್ಲಿ ನೆರಳಿನ ಮರ. ಶಾಲೆಯ ಮಕ್ಕಳು ಬಸ್ಸಿಳಿದು ಸಾಲಾಗಿ ಬರುತ್ತಾರೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವನ್ನು ನೋಡುತ್ತಾರೆ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿಯನ್ನು ಕಂಡು ನಗುತ್ತಾರೆ, ಹೊರಗೆ ಬಂದು ಹುಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಗುಂಬಜಿನ ಕಡೆಗೆ ಹೊರಡುತ್ತಾರೆ. ಈ ಹುಲ್ಲು ಎಲ್ಲಿಂದ ಬಂತು, ಇದರ ಕೆಳಗೆ ಏನಿತ್ತು ಎಂದು ಕೇಳಿದ ಒಬ್ಬರನ್ನೂ ನಾವು ಕಂಡಿಲ್ಲ.

ನಮ್ಮ ತಕರಾರು ಇಲ್ಲಿಂದಲೇ ಆರಂಭ. ಮನೆಯನ್ನು ರಕ್ಷಿಸಿ ತೋಟವನ್ನು ಅಳಿಸಿದರೆ ಅರ್ಧ ಸ್ಮಾರಕವನ್ನು ಅಳಿಸಿದಂತೆ. ದರಿಯಾ ದೌಲತ್‌ನಲ್ಲಿ ಆಗಿರುವುದು ಇದೇ. ಹುಲ್ಲುಹಾಸನ್ನು ತೋರಿಸಿ ಉದ್ಯಾನ ಎನ್ನುವುದನ್ನು ನಿಲ್ಲಿಸಬೇಕು. ಅಲ್ಲಿ ನಿಜವಾಗಿ ಏನಿತ್ತು ಎಂಬುದನ್ನು ಕಾಗದದಲ್ಲಿ ಹುಡುಕಬೇಕು, ಮಣ್ಣಿನಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಸಿಕ್ಕಷ್ಟು ಮತ್ತೆ ನೆಡಬೇಕು. ಟಿಪ್ಪುವಿನ ಹೆಸರು ಬಂದ ಕೂಡಲೇ ತೋಳೇರಿಸುವ ಎರಡೂ ಪಕ್ಷದವರಿಗೆ ಈ ಮಾತು ರುಚಿಸಲಾರದು. ರುಚಿಸದಿದ್ದರೂ ಹೇಳಬೇಕಾಗಿದೆ.

ಮೊದಲು ಆ ಮನೆ ಎಂಥದು ಎಂಬುದನ್ನು ನೋಡೋಣ. 1784ರಲ್ಲಿ ಕಟ್ಟಿದ್ದು. ಕೋಟೆಯ ಹೊರಗೆ, ಕಾವೇರಿಯ ಉತ್ತರದ ಕವಲಿನ ದಡದಲ್ಲಿ. ಎತ್ತರದ ಜಗುಲಿ, ತೇಗದ ಮರದ ಕಂಬಗಳು, ನಾಲ್ಕೂ ಕಡೆ ತೆರೆದ ಪಡಸಾಲೆ. ಒಳಗಿನ ಗೋಡೆ, ಚಾವಣಿಗಳ ಮೇಲೆ ಇಂಚು ಜಾಗ ಬಿಡದೆ ಬರೆದ ಹೂಬಳ್ಳಿಗಳು. ಇದು ದರ್ಬಾರಿನ ಅಬ್ಬರಕ್ಕಾಗಲಿ ಯುದ್ಧದ ರಕ್ಷಣೆಗಾಗಲಿ ಕಟ್ಟಿದ ಅರಮನೆಯಲ್ಲ. ತೋಟದ ನಡುವೆ ಕೂತು ಗಾಳಿ, ನೀರು, ನೆರಳು, ಹೂವಿನ ವಾಸನೆ ಸವಿಯಲು ಕಟ್ಟಿದ ಬೇಸಿಗೆ ಮನೆ. ಒಳಗಿನ ಹೂಬಳ್ಳಿಗೂ ಹೊರಗಿನ ಹೂಬಳ್ಳಿಗೂ ನಡುವೆ ಗೋಡೆ ಒಂದು ನೆಪ ಮಾತ್ರ ಎಂಬಂತೆ ಅದನ್ನು ಯೋಚಿಸಿದ್ದಾರೆ. ಇವತ್ತು ಚಿತ್ರಗಳ ಬಣ್ಣ ಬಿಸಿಲಿಗೆ ಹಾಳಾಗದಿರಲೆಂದು ಪಡಸಾಲೆಗೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ, ಚಿತ್ರ ಉಳಿಯಬೇಕು. ಆದರೆ ಹೊರಗನ್ನು ನೋಡಲೆಂದೇ ಹುಟ್ಟಿದ ಮನೆ ಈಗ ಕಣ್ಣು ಮುಚ್ಚಿ ಕೂತಿದೆ. ತೆರೆದರೂ ಅದಕ್ಕೆ ಕಾಣುವುದು ಹುಲ್ಲು.

ಇನ್ನು ಹೆಸರಿನ ಬಗ್ಗೆ ಒಂದು ಮಾತು, ಉರ್ದು ಓದಿದವರ ಚಪಲವೆಂದು ಓದುಗರು ಮನ್ನಿಸಲಿ. ದರಿಯಾ ದೌಲತ್ ಎಂದರೆ ಸಮುದ್ರದ ಸಂಪತ್ತು ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ಪಾರ್ಸಿಯಲ್ಲಿ ದರಿಯಾ ಸಮುದ್ರವೇ ಸರಿ. ನಮ್ಮ ಉರ್ದುವಿನಲ್ಲಿ ದರಿಯಾ ಎಂದರೆ ಹೊಳೆ. ಕಾವೇರಿಯ ಮಗ್ಗುಲಲ್ಲಿ ಕೂತ ಮನೆಗೆ, ಕಾವೇರಿಯ ಮೆಕ್ಕಲು ಮಣ್ಣಿನಲ್ಲಿ ಬೆಳೆದ ತೋಟಕ್ಕೆ, ಹೊಳೆಯ ಸಿರಿ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂದು ನಮಗನಿಸುತ್ತದೆ. ಹಡಗು ಕಟ್ಟಿಸಿದ ದೊರೆ ಕಡಲನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಏನೋ, ಅದು ಬೇರೆ ಚರ್ಚೆ.

ಬಾಗ್ ಎಂಬ ಶಬ್ದಕ್ಕೆ ಮಾತ್ರ ಇಂಥ ಗೊಂದಲವಿಲ್ಲ. ಅದನ್ನು ತಿಳಿಯಲು ಪಾರ್ಸಿ ನಿಘಂಟೂ ಬೇಡ. ನಮ್ಮ ರೈತರ ಪಹಣಿಯನ್ನು ತೆಗೆದು ನೋಡಿ. ಖುಷ್ಕಿ, ತರಿ, ಬಾಗಾಯ್ತು. ಮಳೆ ನಂಬಿದ ಹೊಲ ಖುಷ್ಕಿ, ನೀರು ನಿಲ್ಲುವ ಗದ್ದೆ ತರಿ, ತೆಂಗು ಅಡಿಕೆ ಬಾಳೆ ಹಣ್ಣಿನ ತೋಟ ಬಾಗಾಯ್ತು. ಬಾಗಿನಿಂದ ಬಂದದ್ದೇ ಬಾಗಾಯ್ತು. ಹಳ್ಳಿಯ ಶಾನುಭೋಗ ಬಾಗ್ ಎಂದರೆ ಫಸಲು ಕೊಡುವ ಭೂಮಿ ಎಂದು ತಿಳಿದಿದ್ದ. ಅಂದವೂ ಅದರಲ್ಲಿತ್ತು, ಆದಾಯವೂ ಇತ್ತು. ಮಾರಲು ಹಣ್ಣು, ಅತ್ತರಿಗೆ ಗುಲಾಬಿ, ಔಷಧಕ್ಕೆ ಬೇರು, ಅಡುಗೆಗೆ ಸೊಪ್ಪು, ಕೂರಲು ನೆರಳು. ಇವನ್ನು ಒಂದರಿಂದ ಒಂದು ಬೇರ್ಪಡಿಸಿ, ಉಪಯೋಗದ್ದನ್ನೆಲ್ಲ ಹೊರಗೆ ಹಾಕಿ, ಮೇಯಲು ಹಸುವೂ ಇಲ್ಲದ ಹುಲ್ಲನ್ನು ಬೆಳೆಸಿ ಅದನ್ನೇ ಸೌಂದರ್ಯ ಎಂದದ್ದು ಬೇರೆಯವರ ಅಭಿರುಚಿ.

ಕಣ್ಣಾರೆ ಕಂಡವರ ಸಾಕ್ಷ್ಯ ಇದೆಯೇ ಎಂದರೆ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆದೇಶದ ಮೇಲೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಅವನ ವರದಿ 1807ರಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪು ಮಾಡಿಸಿದ ತೋಟಗಳನ್ನು ನೋಡಿ ಅವನು ಬರೆದಿರುವುದು ನಮಗೆ ಚಿನ್ನದಂಥ ಮಾಹಿತಿ. ತೋಟವನ್ನು ಚೌಕಗಳಾಗಿ ವಿಂಗಡಿಸಲಾಗಿತ್ತು. ಚೌಕಗಳ ನಡುವೆ ನಡೆದಾಡುವ ದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳ ಸಾಲು. ಒಂದೊಂದು ಜಾತಿಗೆ ಒಂದೊಂದು ಚೌಕ ಮೀಸಲು, ಒಂದರ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಇದು ಮುಸಲ್ಮಾನರ ಪದ್ಧತಿ ಎಂದು ಅವನು ಗುರುತಿಸುತ್ತಾನೆ. ದ್ರಾಕ್ಷಿ, ಸೇಬು, ಪೀಚ್ ಇದ್ದವು. ಆಫ್ರಿಕದ ತುದಿಯ ಕೇಪ್‌ನಿಂದ ತರಿಸಿದ ಓಕ್, ಪೈನ್ ಗಿಡಗಳೂ ಬದುಕಿಕೊಂಡಿದ್ದವು. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ನೀರು. ಇಳಿಜಾರಿನಲ್ಲಿ ಎತ್ತುಗಳು ಇಳಿದಂತೆ ಚರ್ಮದ ಬಾನಿಯಲ್ಲಿ ನೀರು ಮೇಲೆ ಬರುವ ಕಪಿಲೆ. ಬುಕಾನನ್ ಹೊಗಳುಭಟನೇನಲ್ಲ. ದಾರಿಗಳಿಗೆ ಜಲ್ಲಿ ಹಾಕಿಲ್ಲ, ಬೇಸಾಯ ಅಚ್ಚುಕಟ್ಟಾಗಿಲ್ಲ, ನೀರು ಸಾಲದು ಎಂದು ದೂರುತ್ತಾನೆ. ಹಿಂದೆ ಚೆನ್ನಾಗಿತ್ತು ಎಂದು ಜನ ಹೇಳುತ್ತಾರೆ ಎಂಬುದನ್ನೂ ಸೇರಿಸುತ್ತಾನೆ. ದೂರುವವನ ಸಾಕ್ಷ್ಯಕ್ಕೇ ತೂಕ ಹೆಚ್ಚು.

ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ತುದಿಯಲ್ಲೂ ಒಂದು ಲಾಲ್‌ಬಾಗ್ ಇತ್ತು. ಈಗ ಗುಂಬಜ್ ಇರುವುದು ಆ ತೋಟದಲ್ಲೇ. 1792ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಬೀಡುಬಿಟ್ಟದ್ದು ಅಲ್ಲಿ. ಆ ದಂಡಿನಲ್ಲಿದ್ದ ಮೇಜರ್ ಡಿರೋಮ್ ಮರುವರ್ಷವೇ ಪುಸ್ತಕ ಬರೆದ. ಎತ್ತರದ ಸೈಪ್ರೆಸ್ ಮರಗಳ ನೆರಳಿನ ದಾರಿಗಳು, ಬಗೆಬಗೆಯ ಹಣ್ಣಿನ ಮರ, ಹೂ, ತರಕಾರಿ ತುಂಬಿದ್ದ ಆ ತೋಟವನ್ನು ತಮ್ಮವರೇ ಕೊಡಲಿ ಹಾಕಿ ಕೆಡವಿದ್ದನ್ನು ಅವನು ಮುಚ್ಚಿಟ್ಟಿಲ್ಲ. ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಹೊರೆಗಳನ್ನು ಆ ಮರಗಳಿಂದಲೇ ಮಾಡಿದರು. ತೋಟದೊಳಗಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಒಬ್ಬ ದೊರೆಯ ಸಂತೋಷಕ್ಕೆ ನೆರಳು ಕೊಟ್ಟ ಮರ ಅವನ ರಾಜಧಾನಿಯನ್ನೇ ಕೆಡವಲು ಸೌದೆಯಾಯಿತು. ಮುಂದೆ ಟಿಪ್ಪುವಿನ ಅರಮನೆಯನ್ನೂ ಕಳಚಿದರು. ಅದರ ತೊಲೆಗಳು ನೀಲಗಿರಿಯನ್ನು ಹತ್ತಿ ಊಟಿಯ ಸಂತ ಸ್ಟೀಫನ್ನರ ಚರ್ಚಿಗೆ ಚಾವಣಿಯಾದವು. ಚರ್ಚಿನಲ್ಲಿ ಮರವಾದರೂ ಉಳಿದಿದೆ. ತೋಟದ ಮರ ಬೂದಿಯಾಯಿತು.

ಸೈಪ್ರೆಸ್ ಎಂದು ನಾವು ಇಂಗ್ಲಿಷಿನಲ್ಲಿ ಹೇಳುತ್ತಿದ್ದೇವೆ. ಪಾರ್ಸಿಯಲ್ಲಿ ಅದು ಸರ್ವ್. ಉರ್ದು ಗಜಲುಗಳಲ್ಲಿ ನೀಳಕಾಯದ ಪ್ರಿಯತಮೆಗೆ ಹೋಲಿಕೆ ಕೊಟ್ಟು ಕೊಟ್ಟು ಸವೆದ ಮರ. ಕನ್ನಡದಲ್ಲಿ ಗಾಳಿಮರಕ್ಕೆ ಸರ್ವೆಮರ ಎನ್ನುತ್ತೇವಲ್ಲ, ಆ ಸರ್ವೆ ಈ ಸರ್ವ್‌ನ ಬಂಧುವೇ. ಮರ ಹೋಯಿತು, ಅದರ ಹೆಸರು ಆಸ್ಟ್ರೇಲಿಯದ ಕಡೆಯಿಂದ ಬಂದ ಇನ್ನೊಂದು ಮರವನ್ನು ಅಪ್ಪಿಕೊಂಡು ನಮ್ಮ ಬಾಯಲ್ಲಿ ಉಳಿದುಕೊಂಡಿತು. ಕರಾವಳಿಯ ಮರಳಿನಲ್ಲಿ ಸರ್ವೆ ನೆಡುವ ಕೂಲಿಯವನು ತಾನು ಉಚ್ಚರಿಸುತ್ತಿರುವುದು ಹಾಫಿಜನ ಮರದ ಹೆಸರು ಎಂದು ತಿಳಿದಿರಲಾರ.

ಇಲ್ಲೊಂದು ಎಚ್ಚರ ಅಗತ್ಯ. ಬುಕಾನನ್ ಹೇಳಿದ್ದು ಬೆಂಗಳೂರಿನ ತೋಟದ ಬಗ್ಗೆ, ಡಿರೋಮ್ ಹೇಳಿದ್ದು ದ್ವೀಪದ ಇನ್ನೊಂದು ತುದಿಯ ಬಗ್ಗೆ. ಅವನ್ನು ಎತ್ತಿ ತಂದು ದೌಲತ್ ಬಾಗಿನಲ್ಲಿ ನೆಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಒಂದೇ ಮನೆತನದ, ಒಂದೇ ಕಾಲದ ತೋಟಗಳ ವ್ಯಾಕರಣ ಇವುಗಳಿಂದ ತಿಳಿಯುತ್ತದೆ. ದೌಲತ್ ಬಾಗಿನ ವಾಕ್ಯ ಏನೆಂದು ಅಲ್ಲೇ ಅಗೆದು ಓದಬೇಕು.

ಅಗೆದು ಓದಿದವರು ಇದ್ದಾರೆ. ಅಮೆರಿಕದ ವರ್ಜೀನಿಯದಲ್ಲಿ ಮಾಂಟಿಸೆಲೋ ಎಂಬ ಮನೆ. ಥಾಮಸ್ ಜೆಫರ್ಸನ್ ತಾನೇ ನಕ್ಷೆ ಹಾಕಿ ಕಟ್ಟಿಸಿದ್ದು. ಟಿಪ್ಪುವಿನ ಸಮಕಾಲೀನ ಆತ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆಯಿಂದ ಕುಶಲಕರ್ಮಿಗಳನ್ನೂ ಬೀಜ, ಗಿಡಗಳನ್ನೂ ಬೇಡಿಕೊಂಡು ಪ್ಯಾರಿಸಿಗೆ ಹೋದಾಗ ಅದೇ ಊರಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿ ಜೆಫರ್ಸನ್ ಇದ್ದ. ಅವನಿಗೂ ಗಿಡದ ಹುಚ್ಚು. 1766ರಿಂದ 1824ರವರೆಗೆ ತೋಟದ ಲೆಕ್ಕದ ಪುಸ್ತಕವನ್ನು ಬರೆದಿಟ್ಟ. ಯಾವ ಬೀಜ ಯಾವತ್ತು ಬಿತ್ತಿದೆ, ಯಾವತ್ತು ಮೊಳೆಯಿತು, ಯಾವುದು ಸತ್ತಿತು ಎಲ್ಲ. ಅವನು ಸತ್ತ ಮೇಲೆ ಮನೆ ಕೈ ಬದಲಾಯಿತು, ತೋಟ ಮಣ್ಣುಪಾಲಾಯಿತು. 1939ರಲ್ಲಿ ಹೂದೋಟವನ್ನು ಮತ್ತೆ ಮಾಡಲು ಹೊರಟವರ ಕೈಯಲ್ಲಿ 1807ರಲ್ಲಿ ಅವನು ಮೊಮ್ಮಗಳಿಗೆ ಬರೆದ ಪತ್ರ ಇತ್ತು, ಅದರೊಂದಿಗೆ ಅಂಕುಡೊಂಕಿನ ಕಾಲುದಾರಿಯ ನಕ್ಷೆಯೂ ಇತ್ತು. ನೆಲದ ಮೇಲೆ ಆ ದಾರಿ ಎಲ್ಲಿ? ರಾತ್ರಿ ಹೊತ್ತು ಮೋಟಾರು ನಿಲ್ಲಿಸಿ ದೀಪವನ್ನು ಹುಲ್ಲಿನ ಮೇಲೆ ಅಡ್ಡಕ್ಕೆ ಬಿಟ್ಟರು. ಹಗಲಿನಲ್ಲಿ ಸಪಾಟಾಗಿ ಕಂಡ ಹುಲ್ಲಿನ ಅಡಿಯ ಏರುತಗ್ಗುಗಳು ನೆರಳಾಗಿ ಎದ್ದು ನಿಂತು ಹಳೆಯ ದಾರಿಯ ಅಂಚು ಕಾಣಿಸಿತು. 1979ರಿಂದ ತರಕಾರಿ ತೋಟದ ಸರದಿ. ಪುರಾತತ್ವಜ್ಞರು ಪದರ ಪದರವಾಗಿ ಅಗೆದರು. ಬೇಲಿಯ ಕಂಬಗಳು ಕೊಳೆತುಹೋಗಿ ಇನ್ನೂರು ವರ್ಷವಾಗುತ್ತ ಬಂದಿದ್ದರೂ ಕಂಬದ ಗುಂಡಿಗಳ ಕಲೆ ಮಣ್ಣಿನಲ್ಲಿತ್ತು. ಸಾವಿರ ಅಡಿ ಉದ್ದದ ಆ ತೋಟ ಅಂದಾಜಿನ ಮೇಲೆ ಎದ್ದದ್ದಲ್ಲ, ಗುಂಡಿಯ ಲೆಕ್ಕದ ಮೇಲೆ ಎದ್ದದ್ದು.

ಅಲ್ಲಿ ಇನ್ನೊಂದು ಸಂಗತಿಯೂ ಮಣ್ಣಿನಿಂದ ಮೇಲೆ ಬಂತು. ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಣಾಪತ್ರ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ತೋಟವನ್ನು ಸಮತಟ್ಟು ಮಾಡಿದ್ದು ಅವರು, ಗಿಡ ನೆಟ್ಟಿದ್ದು ಅವರು. ಮುಖ್ಯ ಮಾಲಿ ವರ್ಮ್ಲಿ ಹ್ಯೂಸ್ ಎಂಬ ಕಪ್ಪು ಮನುಷ್ಯ. ಯಜಮಾನನ ಗೋರಿ ತೋಡಿದವನೂ ಅವನೇ. ಯಜಮಾನನ ಸಾಲ ತೀರಿಸಲು 1827ರಲ್ಲಿ ನಡೆದ ಹರಾಜಿನಲ್ಲಿ ಅವನ ಹೆಂಡತಿ ಮಕ್ಕಳನ್ನು ಮಾರಿದರು. ಬಹುಕಾಲ ಆ ಮನೆಯ ಮಾರ್ಗದರ್ಶಿಗಳು ಹೂವಿನ ಹೆಸರು ಹೇಳುತ್ತಿದ್ದರು, ಮಾಲಿಯ ಹೆಸರು ಹೇಳುತ್ತಿರಲಿಲ್ಲ. ಈಗ ಎರಡನ್ನೂ ಹೇಳುತ್ತಾರೆ. ತೋಟವನ್ನು ಪ್ರಾಮಾಣಿಕವಾಗಿ ಸಂಶೋಧಿಸಿದರೆ ಹೊಗಳಿಕೆಯಷ್ಟೇ ಸಿಗುತ್ತದೆ ಎಂಬ ಭರವಸೆ ಇಲ್ಲ.

ಅಮೆರಿಕದವರಿಗೆ ದುಡ್ಡಿದೆ ಎನ್ನುವವರಿಗೆ ನಮ್ಮ ಕಡೆಯ ಉದಾಹರಣೆಗಳೂ ಇವೆ. ಕಾಬೂಲಿನಲ್ಲಿ ಬಾಬರನ ಗೋರಿ ಇರುವ ಬಾಗ್ ಅಂತರ್ಯುದ್ಧದಲ್ಲಿ ಮರ ಕಳೆದುಕೊಂಡು ಬೋಳಾಗಿತ್ತು. ಸಿಡಿಮದ್ದು ತೆಗೆದು, ಹಳೆಯ ಕಾಲುವೆಗಳನ್ನು ಅಗೆದು, ಚಾರ್ಲ್ಸ್ ಮ್ಯಾಸನ್ 1842ರಲ್ಲಿ ಪ್ರಕಟಿಸಿದ ಚಿತ್ರವನ್ನೂ ಬಾಬರನ ಆತ್ಮಕಥೆಯನ್ನೂ ಮುಂದಿಟ್ಟುಕೊಂಡು ಆಗಾ ಖಾನ್ ಸಂಸ್ಥೆಯವರು ಅದನ್ನು ಎಬ್ಬಿಸಿದರು. 2008ರಲ್ಲಿ ಅದು ಜನರಿಗೆ ತೆರೆಯಿತು. ಯುದ್ಧದ ನಾಡಿನಲ್ಲಿ ಆದದ್ದು ಕಾವೇರಿ ಹರಿಯುವ ನಾಡಿನಲ್ಲಿ ಏಕಾಗದು? ದೆಹಲಿಯ ಹುಮಾಯೂನ್ ಸಮಾಧಿಯ ತೋಟಕ್ಕೆ ಇದೇ ಸಂಸ್ಥೆ ಮತ್ತು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸೇರಿ 1997ರಿಂದ 2003ರವರೆಗೆ ಕೆಲಸ ಮಾಡಿ ಒಣಗಿದ ಕಾಲುವೆಗಳಲ್ಲಿ ಮತ್ತೆ ನೀರು ಹರಿಸಿದವು. ಮಳೆನೀರು ಇಂಗಿಸಲು 128 ಗುಂಡಿ ತೋಡಿದವು, ಮಾವು, ನಿಂಬೆ, ಬೇವು, ದಾಸವಾಳ ನೆಟ್ಟವು. ಆಗ್ರಾದಲ್ಲಿ ತಾಜ್‌ಮಹಲಿನ ಎದುರು ದಡದ ಮೆಹತಾಬ್ ಬಾಗ್ ಕಪ್ಪು ತಾಜ್‌ಮಹಲಿನ ಅಡಿಪಾಯ ಎಂದು ಕತೆ ಹೇಳುತ್ತಿದ್ದರು. 1990ರ ದಶಕದಲ್ಲಿ ಅಗೆದಾಗ ಎಂಟು ಮೂಲೆಯ ಕೊಳ ಸಿಕ್ಕಿತು, 25 ಕಾರಂಜಿಗಳ ಗುರುತು ಸಿಕ್ಕಿತು. ಬೆಳದಿಂಗಳ ರಾತ್ರಿ ತಾಜ್‌ನ ಬಿಂಬವನ್ನು ನೀರಿನಲ್ಲಿ ನೋಡಲು ಮಾಡಿದ ತೋಟ ಅದು. ಕತೆ ಸತ್ತಿತು, ಅದಕ್ಕಿಂತ ಚೆಲುವಾದ ನಿಜ ಸಿಕ್ಕಿತು.

ಅಂದರೆ ಇದೇ ಇಲಾಖೆಗೆ ದೆಹಲಿಯಲ್ಲಿ, ಆಗ್ರಾದಲ್ಲಿ ಈ ವಿದ್ಯೆ ಗೊತ್ತಿದೆ. ಹಾಗಾದರೆ ದೇಶದ ತುಂಬ ಅದರ ಸ್ಮಾರಕಗಳ ಸುತ್ತ ಒಂದೇ ಬಗೆಯ ಹುಲ್ಲು ಏಕೆ? ದೇವಸ್ಥಾನದ ಸುತ್ತಲೂ ಹುಲ್ಲು, ಗೋರಿಯ ಸುತ್ತಲೂ ಹುಲ್ಲು, ಕೋಟೆಯೊಳಗೂ ಹುಲ್ಲು. ಈ ಪದ್ಧತಿಯ ಬೇರು ಲಾರ್ಡ್ ಕರ್ಜನ್ನನ ಕಾಲದಲ್ಲಿದೆ. ತಾಜ್‌ನ ಮುಂದಿನ ದಟ್ಟ ಮರಗಿಡಗಳನ್ನು ತೆರವು ಮಾಡಿಸಿ ಕಟ್ಟಡ ದೂರದಿಂದಲೇ ಪೂರ್ತಿ ಕಾಣುವಂತೆ ಹುಲ್ಲು ಹಾಸಿಸಿದವನು ಅವನು. ಸ್ಮಾರಕಗಳನ್ನು ಉಳಿಸಿದ ಶ್ರೇಯಸ್ಸು ಅವನಿಗೆ ಸಲ್ಲಬೇಕು, ಅದನ್ನು ನಾವು ಕಸಿಯುವುದಿಲ್ಲ. ಆದರೆ ಅವನು ತೊಡಿಸಿದ ಅಂಗಿಯನ್ನು ಸ್ವಾತಂತ್ರ್ಯ ಬಂದ ಮೇಲೂ ನಾವು ಕಳಚಲಿಲ್ಲ. ಸಂಶೋಧನೆ ಮಾಡಲು ಮನಸ್ಸಿಲ್ಲದ ಕಡೆ ಹುಲ್ಲು ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಹಸಿರಾಗಿದೆ, ಚೊಕ್ಕಟವಾಗಿದೆ, ಟೆಂಡರು ಕರೆಯಲು ಸುಲಭ. ಇಂಗ್ಲೆಂಡಿನ ತುಂತುರು ಮಳೆಗೆ ತಾನಾಗಿ ಬೆಳೆಯುವ ಹುಲ್ಲಿಗೆ ಮಂಡ್ಯ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ದಿನವೂ ನೀರು ಕುಡಿಸಬೇಕು. ಕಾವೇರಿ ನೀರಿಗಾಗಿ ರೈತರು ಹೆದ್ದಾರಿಯಲ್ಲಿ ಕೂರುವ ಜಿಲ್ಲೆ ಅದು.

ದಾಖಲೆಯೇ ಇಲ್ಲ, ಏನು ಮಾಡುವುದು ಎಂಬುದು ಸಿದ್ಧ ಉತ್ತರ. ಇಲ್ಲವೆಂದು ಹೇಳುವ ಮುನ್ನ ಹುಡುಕಿದ್ದೀರಾ? 1799ರಲ್ಲಿ ಟಿಪ್ಪುವಿನ ಗ್ರಂಥಾಲಯ ಲೂಟಿಯಾಗಿ ಕಲ್ಕತ್ತಕ್ಕೂ ಲಂಡನ್ನಿಗೂ ಹಂಚಿಹೋಯಿತು. ಸುಮಾರು ಎರಡು ಸಾವಿರ ಪುಸ್ತಕಗಳ ಆ ಗ್ರಂಥಾಲಯದ ಪಟ್ಟಿ 1809ರಲ್ಲೇ ಅಚ್ಚಾಗಿದೆ. ಟಿಪ್ಪುವಿನ ಪಾರ್ಸಿ ಪತ್ರಗಳಲ್ಲಿ ಕೆಲವನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಮಸ್ಕತ್ತಿನಲ್ಲಿದ್ದ ತನ್ನ ದರೋಗನಿಗೆ ರೇಷ್ಮೆಹುಳು ಕಳಿಸು ಎಂದು ಬರೆದ ದೊರೆ ತನ್ನ ಮನೆಯ ಸುತ್ತ ಏನು ನೆಡಬೇಕೆಂದು ಯಾರಿಗೂ ಬರೆದಿರಲಾರನೇ? ಅವನ ಕಂದಾಯ ನಿಯಮಗಳು 1792ರಲ್ಲೇ ಕಲ್ಕತ್ತದಲ್ಲಿ ಅನುವಾದವಾಗಿ ಪ್ರಕಟವಾದವು. ತಪ್ಪು ಮಾಡಿದ ರೈತನಿಗೆ ದಂಡ ಹಾಕುವ ಬದಲು ಎರಡು ಮಾವು, ಎರಡು ಬಾದಾಮಿ ಗಿಡ ನೆಟ್ಟು ಬೆಳೆಸುವ ಶಿಕ್ಷೆ ಕೊಡಿ ಎಂಬ ನಿಯಮ ಅದರಲ್ಲಿದೆ. ಆಡಳಿತದ ಲೆಕ್ಕಗಳನ್ನು ಪಾರ್ಸಿ, ಕನ್ನಡ, ಮರಾಠಿ ಮೂರರಲ್ಲೂ ಇಡುತ್ತಿದ್ದರು. ಎರಡೂ ಮುತ್ತಿಗೆಗಳಲ್ಲಿ ಇದ್ದ ಕಾಲಿನ್ ಮೆಕೆಂಜಿ ಎಂಜಿನಿಯರು, ನಕ್ಷೆ ಬರೆಯುವುದೇ ಅವನ ಕಸುಬು. 1799ರ ನಂತರ ದರಿಯಾ ದೌಲತ್‌ನಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿಯ ಕಾಗದಪತ್ರಗಳು ಬೆಟ್ಟದಷ್ಟಿವೆ. ಗೋಡೆಯ ಚಿತ್ರ ಮಾಸಿದಾಗ 1850ರ ದಶಕದಲ್ಲಿ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ. ಮೂಲ ಚಿತ್ರ ನೆನಪಿದ್ದ ಸ್ಥಳೀಯ ಚಿತ್ರಕಾರನೇ ಅದನ್ನು ಬರೆದನೆಂದು ಹೇಳುತ್ತಾರೆ. ಗೋಡೆಗೆ ಸಿಕ್ಕ ಈ ಅಕ್ಕರೆ ತೋಟಕ್ಕೆ ಸಿಗಲಿಲ್ಲ.

ಇಲ್ಲಿ ನಮ್ಮವರಿಗೂ ಎರಡು ಮಾತು ಹೇಳಬೇಕು. ಈ ಪಾರ್ಸಿ ಕಾಗದಗಳನ್ನು ಓದುವವರು ಯಾರು? ನಮ್ಮ ಅಜ್ಜಂದಿರ ಕಾಲದಲ್ಲಿ ಗುಲಿಸ್ತಾನ್ ಓದದ ಮನೆ ಇರಲಿಲ್ಲ. ಗುಲಿಸ್ತಾನ್ ಎಂದರೂ ಹೂದೋಟವೇ. ಇವತ್ತು ನಮ್ಮ ಉರ್ದು ಶಾಲೆಗಳು ಉರ್ದುವನ್ನೇ ಉಳಿಸಿಕೊಳ್ಳಲು ಹೆಣಗುತ್ತಿರುವಾಗ ಪಾರ್ಸಿಯ ಮಾತೆಲ್ಲಿ. ಆದರೆ ಟಿಪ್ಪುವಿನ ಹೆಸರಿನ ಸಂಘ ಕಟ್ಟಲು, ಕಟೌಟು ನಿಲ್ಲಿಸಲು, ಆಟೋ ಹಿಂದೆ ಹುಲಿಪಟ್ಟೆ ಬಳಿಯಲು ನಮ್ಮ ಯುವಕರಿಗೆ ಪುರುಸೊತ್ತಿದೆ. ಅವರು ಕೇಳುವುದೆಲ್ಲ ಕತ್ತಿಯ ಕುರಿತು. ಎಷ್ಟು ಭಾರ, ಯಾವ ಹರಾಜು, ಎಷ್ಟು ಕೋಟಿ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಆ ನಾಲ್ಕೈದು ವರ್ಷ ಪರವಾಗಿ ಕೂಗಿದವರಲ್ಲಿ, ವಿರೋಧವಾಗಿ ಕೂಗಿದವರಲ್ಲಿ ಒಬ್ಬರಾದರೂ ದೌಲತ್ ಬಾಗಿನಲ್ಲಿ ಒಂದು ದಾಳಿಂಬೆ ಗಿಡ ನೆಡಿ ಎಂದು ಮನವಿ ಕೊಟ್ಟ ಸುದ್ದಿಯನ್ನು ನಾವು ಓದಿಲ್ಲ. ಕತ್ತಿ ಹಿಡಿದ ಟಿಪ್ಪು ಇಬ್ಬರಿಗೂ ಬೇಕು. ಗುದ್ದಲಿ ಹಿಡಿಸಿದ ಟಿಪ್ಪು ಯಾರಿಗೂ ಬೇಡ.

ಕ್ರೂರಿಯೊಬ್ಬನ ತೋಟಕ್ಕೆ ಸರ್ಕಾರದ ಹಣ ಏಕೆ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ದರಿಯಾ ದೌಲತ್ ಎದ್ದ 1784ನೇ ಇಸವಿಯಲ್ಲೇ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಕೊಡಗಿನವರ ನೆನಪೂ ಇಂಥದೇ. ದ್ವೀಪದ ಗಂಜಾಮ್ ಪೇಟೆಯನ್ನು ತುಂಬಿಸಲು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ತಂದರು. ಅದೇ ಸಿರಾದ ಖಾನ್ ಬಾಗ್ ಎಂಬ ತೋಟವೇ ಈ ತೋಟಗಳಿಗೆ ಮಾದರಿ ಎಂದೂ ಹೇಳುತ್ತಾರೆ. ತೋಟದ ಮಾದರಿಯೂ ಬಂತು, ಬೇರುಸಹಿತ ಕಿತ್ತ ಜನರೂ ಬಂದರು. ಇದನ್ನು ಹೂವಿನಿಂದ ಮುಚ್ಚಬೇಕಾಗಿಲ್ಲ. ತೋಟದ ಫಲಕದಲ್ಲೇ ಬರೆಯಿರಿ. ಮಾಂಟಿಸೆಲೋದವರು ಬರೆದಿದ್ದಾರೆ. ಹುಲ್ಲುಹಾಸು ಮಾತ್ರ ಏನನ್ನೂ ಬರೆಯಗೊಡುವುದಿಲ್ಲ. ದೊರೆಯ ಗಿಡದ ಹುಚ್ಚನ್ನೂ, ಮಾಲಿಯ ಬೆವರನ್ನೂ, ಸೆರೆಯಾಳಿನ ಕಣ್ಣೀರನ್ನೂ ಅದು ಒಟ್ಟಿಗೇ ಹೂತುಹಾಕಿದೆ. ಬೆಂಗಳೂರಿನ ಲಾಲ್‌ಬಾಗಿನ ಮಣ್ಣು ಹದ ಮಾಡಿದ ತಿಗಳರ ಹೆಸರು ಹೇಗೋ ಜನರ ಬಾಯಲ್ಲಿ ಉಳಿದಿದೆ. ದೌಲತ್ ಬಾಗಿನಲ್ಲಿ ದುಡಿದವರು ಯಾರು?

ಎಲ್ಲ ಹಳೆಯ ತೋಟವನ್ನೂ ಹಳೆಯದೇ ಮಾಡಬೇಕೆಂಬ ಹಠ ನಮಗಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಹೈದರನ ಕಾಲದ ಸುಮಾರು 40 ಎಕರೆಯಿಂದ 240 ಎಕರೆಗೆ ಬೆಳೆಯಿತು, 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು, 1889ರಲ್ಲಿ ಗಾಜಿನ ಮನೆ ಬಂತು. ಅದು ಬದಲಾಗುತ್ತಲೇ ಬದುಕಿದೆ, ಅದನ್ನು ಹಿಂದಕ್ಕೆ ಎಳೆಯುವುದು ಮೂರ್ಖತನ. ದರಿಯಾ ದೌಲತ್‌ನ ಸಂಗತಿ ಬೇರೆ. ಅಲ್ಲಿ ತೋಟ ಬೆಳೆದು ಬೇರೆ ರೂಪ ತಾಳಲಿಲ್ಲ, ಖಾಲಿಯಾಯಿತು. ಖಾಲಿ ಜಾಗಕ್ಕೆ ಹಸಿರು ಬಣ್ಣ ಬಳಿದರು.

ನಮಗೆ ಹೆಚ್ಚು ಭಯವಿರುವುದು ಇನ್ನೊಂದು ದಿಕ್ಕಿನಿಂದ. ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ನಾಳೆ ಯಾರಾದರೂ ಮಂತ್ರಿಗೆ ಹುಮ್ಮಸ್ಸು ಬಂದರೆ ಬಣ್ಣದ ಕಾರಂಜಿ, ಸಿಮೆಂಟಿನ ಹುಲಿ, ಧ್ವನಿ ಬೆಳಕು ಎಲ್ಲ ಬಂದು ದೌಲತ್ ಬಾಗ್ ಇನ್ನೊಂದು ಬೃಂದಾವನವಾದೀತು. ಅದಕ್ಕಿಂತ ಹುಲ್ಲೇ ವಾಸಿ. ಚಾರಿತ್ರಿಕ ತೋಟಗಳ ಬಗ್ಗೆ 1981ರಲ್ಲಿ ಫ್ಲಾರೆನ್ಸ್ ನಗರದಲ್ಲಿ ತಜ್ಞರು ಒಪ್ಪಿದ ಸನ್ನದು ಒಂದಿದೆ. ಉತ್ಖನನದಿಂದ ದಾಖಲೆಯವರೆಗೆ ಪೂರ್ತಿ ಸಂಶೋಧನೆ ಆಗದೆ ತೋಟದ ಪುನರುದ್ಧಾರಕ್ಕೆ ಕೈ ಹಾಕಬಾರದು, ಬರೀ ಊಹೆಯ ಮೇಲೆ ಕಟ್ಟಿದ್ದನ್ನು ಚಾರಿತ್ರಿಕ ತೋಟ ಎನ್ನಬಾರದು ಎಂದು ಅದು ಹೇಳುತ್ತದೆ. ನಮ್ಮ ಬೇಡಿಕೆಯೂ ಅದರ ಒಳಗೇ ಇದೆ.

ಅಲ್ಲಿ ಕೆಲಸ ಹೇಗೆ ಆರಂಭವಾಗಬಹುದು? ಮೊದಲು ಒಂದು ಮೂಲೆ ಸಾಕು. ಹುಲ್ಲನ್ನು ಸುತ್ತಿ ಪಕ್ಕಕ್ಕಿಟ್ಟು ಹಳೆಯ ದಾರಿಯ ಮಟ್ಟ ಎಷ್ಟು ಕೆಳಗಿದೆ ಎಂದು ನೋಡಲಿ. ಚೌಕಗಳು ದಾರಿಗಿಂತ ತಗ್ಗಿನಲ್ಲಿದ್ದವೇ? ಮರದ ಗುಂಡಿಗಳ ನಡುವೆ ಎಷ್ಟು ಅಂತರ? ಮಣ್ಣಿನಲ್ಲಿರುವ ಪರಾಗ, ಇದ್ದಿಲು, ಬೀಜದ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳಿಸಲಿ. ಮೆಹತಾಬ್ ಬಾಗಿನಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಬಹುದು. ನೀರಿನ ಪ್ರಶ್ನೆ ನಮಗೆ ಎಲ್ಲಕ್ಕಿಂತ ಕುತೂಹಲದ್ದು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಬಂಗಾರದೊಡ್ಡಿ ನಾಲೆ ಹೊಳೆಯ ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪದೊಳಕ್ಕೆ ಬರುತ್ತದೆ. ಒಡೆಯರ ನಾಲೆಯ ನೀರು ಸುಲ್ತಾನನ ತೋಟಕ್ಕೆ ಬಿದ್ದಿತೇ, ಅಥವಾ ಹೊಳೆಯಿಂದಲೇ ಕಪಿಲೆ ಹೊಡೆದರೇ? ನೆಲದಲ್ಲಿ ಕಾಲುವೆಯ ಗಾರೆ ಸಿಕ್ಕರೆ ಅದರ ಇಳಿಜಾರು ಉತ್ತರ ಹೇಳುತ್ತದೆ.

ದ್ವೀಪದಲ್ಲೇ ಕೇಳಬೇಕಾದವರೂ ಇದ್ದಾರೆ. ಗಂಜಾಮಿನ ಅಂಜೂರಕ್ಕೆ ಹಿಂದಿನಿಂದಲೂ ಹೆಸರಿದೆ. ಹಳೇ ಮೈಸೂರಿನ ಹಿರಿಯರಿಗೆ ಆ ಹಣ್ಣಿನ ರುಚಿ ಗೊತ್ತು. ಆ ಅಂಜೂರದ ತಾಯಿ ಗಿಡ ಯಾವ ಬಾಗಿನಿಂದ ಬಂತು, ಕಡ್ಡಿ ಕತ್ತರಿಸಿ ಯಾರಿಂದ ಯಾರಿಗೆ ಕೊಟ್ಟರು, ಈಗ ಎಷ್ಟು ಗಿಡ ಉಳಿದಿವೆ ಎಂದು ತಿಳಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. ದೌಲತ್ ಬಾಗಿನ ಗೇಟಿನಿಂದ ಗಂಜಾಮಿಗೆ ನಡೆದೇ ಹೋಗಬಹುದು.